ಗಿಡದ ಬಣ್ಣ, ಕೊಳ್ಳುವವರ ಕಣ್ಣು

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬಿಟಿಎಂ ಲೇಔಟ್ ಎಂಬ ಹೆಸರಿನಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆ. ಇಂದು ಆ ಹಳ್ಳಿಗಳಿಗಿಂತ ಅಲ್ಲಿಯ ಸಿಲ್ಕ್ ಬೋರ್ಡ್ ವೃತ್ತವೇ ಹೆಚ್ಚು ಪ್ರಸಿದ್ಧವಾಗಿದೆ. ಅದೂ ರೇಷ್ಮೆಗಾಗಿ ಅಲ್ಲ, ವಾಹನಗಳ ದಟ್ಟಣೆಗಾಗಿ! ವೃತ್ತಕ್ಕೆ ಹೆಸರು ಕೊಟ್ಟ ಕೇಂದ್ರ ರೇಷ್ಮೆ ಮಂಡಳಿಯ ಆವರಣದಲ್ಲಿ, 1983ರಲ್ಲಿ ಸ್ಥಾಪನೆಯಾದ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯಿದೆ. ಗೂಡಿನಿಂದ ನೂಲು ಬಿಚ್ಚುವುದು ಮೊದಲುಗೊಂಡು ಬಣ್ಣ ಹಾಕುವವರೆಗಿನ ಕೆಲಸಗಳೆಲ್ಲ ಅದರ ಅಧ್ಯಯನದ ವಿಷಯ. ಸಸ್ಯಜನ್ಯ ಬಣ್ಣಗಳೂ ಅಲ್ಲಿ ಪರೀಕ್ಷೆಗೆ ಒಳಗಾಗಿವೆ. ಇಂಥ ಪರೀಕ್ಷೆಯಲ್ಲಿ ಬಣ್ಣವು ಚೆಲುವಾಗಿದ್ದರೆ ಸಾಲದು. ಒಗೆತ, ಬಿಸಿಲು, ಬೆವರು, ಉಜ್ಜುವಿಕೆಗಳನ್ನು ಅದು ತಾಳಿಕೊಳ್ಳಬೇಕು. ‘ಮಡಿವಾಳ’ ಎಂದರೆ ಬಟ್ಟೆ ಒಗೆಯುವವನು. ಬಣ್ಣದ ಮೊದಲ ಪರೀಕ್ಷಕ ಅವನೇ ಎಂಬುದನ್ನು ಊರಿನ ಹೆಸರೇ ನೆನಪಿಸುವಂತಿದೆ.

ಈ ಪರೀಕ್ಷೆಯಲ್ಲಿ ಗೆಲ್ಲುವ ಬಗೆಯನ್ನು ಪ್ರಯೋಗಾಲಯಗಳು ಹುಟ್ಟುವ ಮೊದಲೇ ನಮ್ಮ ಬಣ್ಣಗಾರರು ಅರಿತಿದ್ದರು. ಅರಿಸಿನದ ಬಣ್ಣ ಬೇಗ ಹತ್ತುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ. ಮಂಜಿಷ್ಠದ ಬೇರಿನ ಕೆಂಪು ಹಾಗಲ್ಲ; ನೂಲನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿದರೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ರೇಷ್ಮೆ ಮತ್ತು ಉಣ್ಣೆ ಇಂಥ ಬಣ್ಣಕ್ಕೆ ಸುಲಭವಾಗಿ ಒಲಿಯುತ್ತವೆ. ಹತ್ತಿ ಮಾತ್ರ ಹಟಮಾರಿ. ಅದನ್ನು ಮುಂಚಿತವಾಗಿ ಅಳಲೆಕಾಯಿಯ ಒಗರಿನಲ್ಲಿ ಅದ್ದಿ ಸಿದ್ಧಗೊಳಿಸಬೇಕು. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಸಿದ ದ್ರವ ಆ ಒಗರಿಗೆ ಸೇರಿದರೆ ಕಪ್ಪು ಮೂಡುತ್ತದೆ. ನೀಲಿಯ ರೀತಿಯೇ ಬೇರೆ. ಅದು ನೀರಿನಲ್ಲಿ ಕರಗುವುದಿಲ್ಲ. ತೊಟ್ಟಿಯಲ್ಲಿ ಹುಳಿಯಿಸಿ ಕರಗಿಸಬೇಕು. ತೊಟ್ಟಿಯಿಂದ ಮೇಲೆತ್ತಿದಾಗ ಬಟ್ಟೆ ಹಳದಿ ಮಿಶ್ರಿತ ಹಸುರಾಗಿರುತ್ತದೆ. ಗಾಳಿ ತಾಗಿದೊಡನೆ ಕಣ್ಣೆದುರಿನಲ್ಲಿಯೇ ನೀಲಿಗೆ ತಿರುಗುತ್ತದೆ. ತೊಟ್ಟಿಯ ಹದವನ್ನು ಅನುಭವಿಗಳು ವಾಸನೆಯಿಂದಲೇ ತಿಳಿಯಬಲ್ಲರು.

1856ರಲ್ಲಿ ಇಂಗ್ಲೆಂಡಿನ ಪರ್ಕಿನ್ ಎಂಬ ಹದಿನೆಂಟರ ತರುಣನು ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ವಸ್ತುವಿನಿಂದ ನೇರಳೆ ಬಣ್ಣವನ್ನು ಪಡೆದನು. 1897ರ ವೇಳೆಗೆ ಕಾರ್ಖಾನೆಯ ನೀಲಿಯೂ ಮಾರುಕಟ್ಟೆಗೆ ಬಂದಿತು. ಆಮೇಲೆ ಗಿಡದ ಬಣ್ಣಗಳು ಹಿಂದೆ ಸರಿದುದರಲ್ಲಿ ಆಶ್ಚರ್ಯವಿಲ್ಲ. ಹಾಗೆಂದು ಗಿಡದಿಂದ ಬಂದುದೆಲ್ಲ ಪವಿತ್ರವೆಂದು ಹೇಳಲಾದೀತೆ? 1859ರಲ್ಲಿ ಬಂಗಾಳದ ರೈತರು ದಂಗೆಯೆದ್ದುದೂ 1917ರಲ್ಲಿ ಗಾಂಧೀಜಿ ಚಂಪಾರಣ್ಯಕ್ಕೆ ಹೋದುದೂ ಇದೇ ನೀಲಿ ಗಿಡದ ಬಲವಂತದ ಬೇಸಾಯದಿಂದಾಗಿ. ಬಣ್ಣದ ಯೋಗ್ಯತೆಯನ್ನು ಅಳೆಯುವಾಗ ಅದಕ್ಕಾಗಿ ದುಡಿದವರ ಪಾಡನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಈ ಮಾತಿಗೆ ಕನ್ನಡ ನಾಡಿನಲ್ಲಿಯೇ ಉದಾಹರಣೆಯಿದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1990ರ ದಶಕದಲ್ಲಿ ‘ಚರಕ’ ಎಂಬ ಮಹಿಳಾ ಸಹಕಾರ ಸಂಘ ಹುಟ್ಟಿತು. ಸುತ್ತಲಿನ ಹಳ್ಳಿಗಳ ಹೆಂಗಸರು ಅಲ್ಲಿ ಕೈಮಗ್ಗದ ಬಟ್ಟೆ ನೇಯ್ದು ಸಹಜ ಬಣ್ಣ ಹಾಕತೊಡಗಿದರು. ಮಲೆನಾಡಿನಲ್ಲಿ ಎಳೆಯ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಕೆಂಪು ಒಗರು ನೀರೇ ಚೊಗರು. ಮನೆಮನೆಯಲ್ಲಿ ದೊರೆಯುವ ಆ ಚೊಗರು ಇಲ್ಲಿ ಬಟ್ಟೆಯ ಬಣ್ಣವಾಯಿತು. ಇದಕ್ಕಾಗಿ ಕಾಡನ್ನು ಕಡಿಯಬೇಕಿಲ್ಲ, ಹೊಸ ಹೊಲವನ್ನು ಉಳಬೇಕಿಲ್ಲ. ಇಷ್ಟಿದ್ದರೂ ಸಂಘದ ದಾರಿ ಸುಗಮವಾಗಿರಲಿಲ್ಲ. 2017ರಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ, ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಅವರು ಬೆಂಗಳೂರಿನಲ್ಲಿ ಉಪವಾಸ ಕೂತರು. 2020ರಲ್ಲಿ ಕೊರೋನಾದ ದಿನಗಳಲ್ಲಿ ಸಂಘವು ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಸಾರಬೇಕಾಯಿತು.

ಇದಕ್ಕೆ ಸರ್ಕಾರವನ್ನಷ್ಟೇ ದೂರಿ ಸುಮ್ಮನಾಗುವುದು ಸುಲಭ. ಆದರೆ ಪೇಟೆಯ ಕಣ್ಣಿಗೂ ಇದರಲ್ಲಿ ಪಾಲಿದೆ. ಕಾರ್ಖಾನೆಯ ಬಣ್ಣವು ನೂರು ಗಜದಲ್ಲಿಯೂ ಒಂದೇ ಛಾಯೆಯನ್ನು ಕೊಡುತ್ತದೆ. ಅದಕ್ಕೆ ಒಗ್ಗಿದ ಕಣ್ಣಿಗೆ ಛಾಯೆಯ ಏರುಪೇರು ದೋಷವಾಗಿ ತೋರುತ್ತದೆ. ಅಡಿಕೆ ಎಳೆಯದೋ ಬಲಿತದೋ, ನೀರು ಯಾವ ಬಾವಿಯದೋ, ಅಂದು ಮಳೆಯಿತ್ತೋ ಬಿಸಿಲಿತ್ತೋ ಎಂಬುದರ ಮೇಲೆ ಚೊಗರಿನ ಬಣ್ಣ ಬದಲಾಗುತ್ತದೆ. ಹೋದ ತಿಂಗಳ ಅಂಗಿಗೆ ಈ ತಿಂಗಳ ಬಟ್ಟೆ ಹೊಂದಲಿಲ್ಲವೆಂದು ಗಿರಾಕಿ ಅದನ್ನು ಹಿಂದಿರುಗಿಸಿದರೆ, ಆ ನಷ್ಟ ಕೊನೆಗೆ ಮುಟ್ಟುವುದು ಕುದಿಯುವ ಹಂಡೆಯ ಮುಂದೆ ನಿಂತು ದುಡಿದ ಹೆಂಗಸನ್ನೇ.

ಮಾರುವವರ ಹೊಣೆಯೂ ಕಡಿಮೆಯಲ್ಲ. ‘ಸಹಜ ಬಣ್ಣ’ ಎಂಬ ಎರಡು ಪದಗಳನ್ನು ಅಚ್ಚು ಹಾಕಿ ಇಮ್ಮಡಿ ಬೆಲೆ ಕೇಳುವುದು ನ್ಯಾಯವೆನಿಸದು. ಕಚ್ಚಿಸಲು ಬಳಸಿದ ವಸ್ತು ವಿಷಕಾರಿಯಾದ ಕ್ರೋಮಿಯಂ ಲವಣವಾಗಿದ್ದರೆ ಮೂಲದ ಗಿಡ ಎಷ್ಟು ಸಹಜವಾಗಿದ್ದೇನು? ಬಟ್ಟೆಗೆ ಕಟ್ಟುವ ಚೀಟಿಯಲ್ಲಿ ಯಾವ ಗಿಡ, ಯಾವ ಲವಣ, ಎಂಥ ಒಗೆತ ಎಂಬುದನ್ನು ತಿಳಿಯಾದ ಕನ್ನಡದಲ್ಲಿ ಬರೆಯಲಿ: ಅಡಿಕೆ ಚೊಗರು, ಪಟಿಕ; ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ; ಛಾಯೆ ಒಂದರಂತೆ ಒಂದಿರುವುದಿಲ್ಲ. ಅಷ್ಟನ್ನು ಓದಿ ಕೊಂಡವರು ಬಟ್ಟೆಯನ್ನು ಹಿಂದಕ್ಕೆ ತರಲಾರರು.