ಮನೆವಾರ್ತೆ: ಹೊಸ ಹಾಸಿಗೆ ಕೊಳ್ಳುವ ಮೊದಲು



ನಮ್ಮ ಸಂಘದ ಅರಿಶಿನ-ಕುಂಕುಮದ ದಿನ ನಾಲ್ವರು ಗೆಳತಿಯರು ನನ್ನನ್ನು ಒಂದು ಮೂಲೆಗೆ ಕರೆದು ಒಂದೇ ಪ್ರಶ್ನೆ ಕೇಳಿದರು: "ಈ ಮೆಮರಿ ಫೋಮ್ ಹಾಸಿಗೆ ಎನ್ನುತ್ತಾರಲ್ಲ, ಅದನ್ನು ತೆಗೆದುಕೊಳ್ಳಬಹುದೇ?" ಕೇಳಿದವರಲ್ಲಿ ಒಬ್ಬರಿಗೆ ಸೊಂಟನೋವು, ಒಬ್ಬರ ಮನೆಯಲ್ಲಿ ಮಗಳ ಬಾಣಂತನ, ಇನ್ನೊಬ್ಬರಿಗೆ ಹೊಸ ಫ್ಲ್ಯಾಟಿನ ಗೃಹಪ್ರವೇಶ. ನಾಲ್ಕನೆಯವರಿಗೆ ಅಂಥ ಕಾರಣವೇನೂ ಇಲ್ಲ. ನೆರೆಮನೆಯವರು ಕೊಂಡಿದ್ದಾರೆ, ಅಷ್ಟೇ. ಕುಂಕುಮದ ತಟ್ಟೆ ಹಿಡಿದು ನಿಂತಲ್ಲೇ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಅದೂ ಅಲ್ಲದೆ, ಕಳೆದ ವರ್ಷ ಇದೇ ಹಾಸಿಗೆಯ ದೆಸೆಯಿಂದ ನಮ್ಮ ಮನೆಯಲ್ಲಿ ಒಂದು ದೊಡ್ಡ ಪ್ರಕರಣವೇ ನಡೆದುಹೋಯಿತು. ಅದನ್ನಿಲ್ಲಿ ಬರೆಯಲು ನಮ್ಮವರ ಒಪ್ಪಿಗೆ ಪಡೆದಿದ್ದೇನೆ. ಮಗನ ಒಪ್ಪಿಗೆ ಪಡೆದಿಲ್ಲ. ಅವನಿಗೆ ಕನ್ನಡ ಓದಲು ಬಾರದು.

ನಮ್ಮವರು ಕುಂದಾಪುರದ ಕಡೆಯವರು. 1969ರಲ್ಲಿ, ಹದಿಮೂರರ ವಯಸ್ಸಿಗೆ ಮುಂಬಯಿಗೆ ಬಂದರು. ಫೋರ್ಟಿನ ಒಂದು ಹೊಟೇಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ, ಸಂಜೆ ರಾತ್ರಿಶಾಲೆ. ಕೊನೆಯ ಗಿರಾಕಿ ಎದ್ದುಹೋಗಿ ಬಾಗಿಲು ಹಾಕಿದ ಮೇಲೆ ಎರಡು ಮೇಜು ಜೋಡಿಸಿ ಮೇಲೊಂದು ಚಾದರ ಹರಡಿದರೆ ಅದೇ ಮಂಚ, ಅದೇ ಹಾಸಿಗೆ. ನಮ್ಮೂರ ಕಡೆಯ ಎಷ್ಟೋ ಹುಡುಗರು ಈ ನಗರದಲ್ಲಿ ಹೀಗೆಯೇ ಮಲಗಿ ಎದ್ದು ದೊಡ್ಡವರಾದರು. ಆದುದರಿಂದ ಹಾಸಿಗೆಯ ಮಾತು ಬಂದಾಗಲೆಲ್ಲ ನಮ್ಮವರದು ಒಂದೇ ಮಾತು: "ನಿದ್ದೆಗೆ ಹಾಸಿಗೆ ಬೇಡ, ಹಸಿವಿಗೆ ರುಚಿ ಬೇಡ."

ಮದುವೆಯಾಗಿ ಪರೇಲಿನ ಚಾಳಿನ ಒಂದೇ ಖೋಲಿಗೆ ಬಂದಾಗ ನಮ್ಮದು ಹತ್ತಿಯ ಗಾದಿ. ಬೆಳಿಗ್ಗೆ ಸುತ್ತಿ ಮೂಲೆಗೆ ಒರಗಿಸಿದರೆ ಮಲಗುವ ಮನೆಯೇ ಊಟದ ಮನೆ. ಎರಡು ಮೂರು ವರ್ಷಕ್ಕೊಮ್ಮೆ ಪಿಂಜಾರ ಬಿಲ್ಲು ಹೆಗಲಿಗೇರಿಸಿ, ತಂತಿ ಮೀಟುತ್ತ ಗಲ್ಲಿಗೆ ಬರುತ್ತಿದ್ದ. ಗಂಟುಗಟ್ಟಿದ ಹತ್ತಿಯನ್ನು ಬಿಡಿಸಿ, ಹಿಂಜಿ, ಮತ್ತೆ ತುಂಬಿ ಹೊಲಿದುಕೊಟ್ಟರೆ ಹಳೆಯದೇ ಹೊಸದು. ಆಮೇಲೆ ಡೊಂಬಿವಲಿಗೆ ಬಂದು ಮಂಚ ಮಾಡಿಸಿದಾಗ ತೆಂಗಿನ ನಾರಿನ ಹಾಸಿಗೆ ತಂದೆವು. ನಾರಿನ ಎಳೆಗಳನ್ನು ರಬ್ಬರಿನ ಹಾಲಿನಿಂದ ಬಂಧಿಸಿ ಒತ್ತಿ ಮಾಡಿದ್ದು ಅದು. ಈ ವ್ಯವಹಾರದಲ್ಲಿ ಹೆಸರಾದ ಕರ್ಲಾನ್ ಕಂಪೆನಿಯನ್ನು 1962ರಲ್ಲಿ ಆರಂಭಿಸಿದವರು ನಮ್ಮ ಮಣಿಪಾಲದ ಪೈ ಮನೆತನದವರು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದೀತು. 2023ರಲ್ಲಿ ಅದು ಶೀಲಾ ಫೋಮ್ ಎಂಬ ಕಂಪೆನಿಯ ಕೈಸೇರಿತು. ಅದಿರಲಿ, ನಮ್ಮ ಆ ನಾರಿನ ಹಾಸಿಗೆ ಹದಿನಾರು ವರ್ಷ ಬಾಳಿ, ನಡುವೆ ತೊಟ್ಟಿಲಿನಂತೆ ತಗ್ಗಾಗಿತ್ತು. ನಮ್ಮವರಿಗೆ ಬೆಳಿಗ್ಗೆ ಎದ್ದು ನೆಟ್ಟಗೆ ನಿಲ್ಲಲು ಕಾಲು ಗಂಟೆ ಬೇಕಾಗುತ್ತಿತ್ತು.

ಮಗ ಅದನ್ನು ಗಮನಿಸಿದ. ಮೇ ತಿಂಗಳ ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ದೊಡ್ಡ ಅಂಗಡಿಗೆ ಹೋದ. ನಾನೂ ಹೋದೆ. ಒಳಗೆ ಮಾಥೇರಾನಿನಂಥ ತಂಪು. ನಮ್ಮವರು ಚಪ್ಪಲಿ ಕಳಚಿ ಸಂಕೋಚದಿಂದ ಐದು ನಿಮಿಷ ಮಲಗಿದರು. ಅಂಗೈ ಒತ್ತಿದರೆ ಅಂಗೈಯ ಅಚ್ಚು ಮೂಡಿ ಮೆಲ್ಲಗೆ ಮಾಯವಾಗುತ್ತಿತ್ತು. "ಚೆನ್ನಾಗಿದೆ" ಎಂದರು. ಬೆಲೆ ಎಷ್ಟೆಂದು ಮಗ ಇಂದಿಗೂ ಹೇಳಿಲ್ಲ.

ಮನೆಗೆ ಬಂದ ಹಾಸಿಗೆ ಮೂರನೆಯ ರಾತ್ರಿಗೇ ಬೇರೆಯಾಗಿತ್ತು. ಸೊಂಟ ಹೂತುಹೋಗುತ್ತದೆ, ಮಗ್ಗುಲು ಬದಲಿಸಬೇಕಾದರೆ ಕೆಸರಿನಿಂದ ಕಾಲು ಕಿತ್ತಂತೆ, ಬೆನ್ನೆಲ್ಲ ಬೆವರು. ನಮ್ಮವರು ಬಾಯಿ ಬಿಡಲಿಲ್ಲ. ಮಗ ಪ್ರೀತಿಯಿಂದ ತಂದದ್ದು, ಹೇಗೆ ಹೇಳುವುದು? ರಾತ್ರಿ ಎರಡರ ಹೊತ್ತಿಗೆ ಮೆಲ್ಲಗೆ ಕೆಳಗಿಳಿದು ಚಾಪೆ ಹಾಸಿಕೊಳ್ಳುವುದು, ಮಗ ಏಳುವ ಮೊದಲು ಮತ್ತೆ ಮಂಚವೇರುವುದು. ಹೊಟೇಲಿನ ಮೇಜಿನ ಮೇಲೆ ಬೆಳೆದ ಬೆನ್ನಿಗೆ ಅದೇನೂ ಕಷ್ಟವಲ್ಲವೆಂದು ನನ್ನ ಬಾಯಿಯನ್ನೂ ಮುಚ್ಚಿಸಿದರು. ಜೂನಿನ ಒಂದು ರಾತ್ರಿ ಬಚ್ಚಲಿಗೆಂದು ಏಳಹೋಗಿ, ಹಾಸಿಗೆಯ ಅಂಚಿಗೆ ಕೈಯೂರಿದರೆ ಅಂಚೇ ಕುಸಿದು, ಜಾರಿ ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ; ತೊಡೆ ಮಾತ್ರ ಹದಿನೈದು ದಿನ ನೀಲಿಯಾಗಿತ್ತು. ಎಪ್ಪತ್ತರ ಹತ್ತಿರದಲ್ಲಿ ಸೊಂಟದ ಮೂಳೆ ಮುರಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಅಂದು ರಾತ್ರಿ ಅಪ್ಪ-ಮಗನ ನಡುವೆ ಎಲ್ಲ ಮಾತು ಹೊರಬಂತು. ಅಂಗಡಿಯವರನ್ನು ಕೇಳಿದರೆ, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವೆಂದರು.

ಹಾಗಾದರೆ ಅಂಗಡಿಯಲ್ಲಿ ಚೆನ್ನಾಗಿದ್ದುದು ಮನೆಯಲ್ಲಿ ಕೆಟ್ಟುಹೋದುದು ಹೇಗೆ? ನಾನು ಬಹಳ ತಲೆ ಕೆಡಿಸಿಕೊಂಡದ್ದು ಇದಕ್ಕೇ. ಈ ಫೋಮ್ ಮೊದಲು ಹುಟ್ಟಿದ್ದು ಹಾಸಿಗೆಗಾಗಿ ಅಲ್ಲ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಇಂಜಿನಿಯರರು ವಿಮಾನದ ಆಸನಗಳ ಮೆತ್ತೆಗೆಂದು ಇದನ್ನು ರೂಪಿಸಿದರು. ಆಘಾತ ಬಿದ್ದರೆ ಹೀರಿಕೊಳ್ಳಬೇಕು, ಕೂತವರ ಮೈಗೆ ಹೊಂದಿಕೊಳ್ಳಬೇಕು, ಅದು ಉದ್ದೇಶ. ಇದು ಹಾಸಿಗೆಯಾಗಿ ಪೇಟೆಗೆ ಬಂದುದು 1991ರಲ್ಲಿ, ಸ್ವೀಡನ್ನಿನಲ್ಲಿ. ಮೂಲದಲ್ಲಿ ಇದು ನಮಗೆ ಗೊತ್ತಿರುವ ಪಾಲಿಯುರಿಥೇನ್ ಸ್ಪಂಜೇ. ಆದರೆ ಇದರ ಗುಣ ಎರಡು: ಒತ್ತಿದರೆ ತಡವಾಗಿ ಮೇಲೇಳುತ್ತದೆ, ಬಿಸಿ ತಗುಲಿದರೆ ಮೆತ್ತಗಾಗುತ್ತದೆ, ತಂಪಾದರೆ ಗಟ್ಟಿಯಾಗುತ್ತದೆ. ತುಪ್ಪದ ಸ್ವಭಾವವೆನ್ನಿ. ಸ್ವೀಡನ್ನಿನ ಚಳಿಯಲ್ಲಿ ಮೈಯ ಕಾವು ತಗುಲಿದ ಕಡೆ ಮಾತ್ರ ಕರಗಿ ಹಿತವಾಗಿ ಒಗ್ಗಿಕೊಳ್ಳುವ ಪದಾರ್ಥವನ್ನು, ಮೇ ತಿಂಗಳ ಡೊಂಬಿವಲಿಯಲ್ಲಿ ಬರಿಯ ಫ್ಯಾನಿನ ಕೆಳಗೆ ಹಾಸಿದರೆ, ಮಲಗುವ ಮೊದಲೇ ಅದು ಅರ್ಧ ಮೆತ್ತಗಾಗಿರುತ್ತದೆ. ಅಂಗಡಿಯ ತಂಪಿನಲ್ಲಿ ನಾವು ಪರೀಕ್ಷಿಸಿದ ಹಾಸಿಗೆ ಒಂದು, ಮನೆಯ ಸೆಕೆಯಲ್ಲಿ ಸಿಕ್ಕಿದ ಹಾಸಿಗೆ ಇನ್ನೊಂದು! ಸಾಲದ್ದಕ್ಕೆ ಮೈಯನ್ನು ಸುತ್ತಲೂ ಅಪ್ಪಿ ಹಿಡಿಯುವುದರಿಂದ ಗಾಳಿ ಆಡುವುದಿಲ್ಲ.

ಇಷ್ಟೆಂದ ಮಾತ್ರಕ್ಕೆ ಈ ಹಾಸಿಗೆಯೇ ಕೆಟ್ಟದ್ದೆಂದು ತಿಳಿಯಬಾರದು. ಅದೇ ಹಾಸಿಗೆಯನ್ನು ಮಗನ ಕೋಣೆಗೆ ಸಾಗಿಸಿದೆವು. ಅವನ ಕೋಣೆಯಲ್ಲಿ ಎ.ಸಿ. ಇದೆ, ಮೈಕಟ್ಟು ದೊಡ್ಡದು, ಮಲಗುವುದು ಸದಾ ಎಡಮಗ್ಗುಲಿಗೆ, ಭುಜ ನೋಯುತ್ತದೆಂದು ಗೊಣಗುತ್ತಿದ್ದ. ಈಗ ಭುಜದ ಸುದ್ದಿಯಿಲ್ಲ. ಮಗ್ಗುಲಾಗಿ ಮಲಗುವವರ ಭುಜ, ಸೊಂಟದೆಲುಬು ಇವುಗಳ ಮೇಲೆ ಬೀಳುವ ಒತ್ತಡವನ್ನು ಈ ಫೋಮ್ ಹಂಚಿಬಿಡುತ್ತದೆ. ಒಬ್ಬರು ಹೊರಳಿದರೆ ಪಕ್ಕದವರಿಗೆ ಅಲುಗಾಟ ತಿಳಿಯುವುದಿಲ್ಲ. ಮೊದಲ ಲೋಕಲಿಗೆ ನಾಲ್ಕಕ್ಕೇ ಏಳುವವರು ಇರುವ ಮನೆಯಲ್ಲಿ ಇದೂ ಸಣ್ಣ ಉಪಕಾರವಲ್ಲ.

ಇನ್ನು ಸೊಂಟನೋವಿನ ಗೆಳತಿಗೆ. ನೋವಿದ್ದವರು ಹಲಗೆಯಂಥ ಗಟ್ಟಿ ಹಾಸಿಗೆಯಲ್ಲೇ ಮಲಗಬೇಕೆಂದು ನಾವೆಲ್ಲ ಕೇಳುತ್ತ ಬಂದಿದ್ದೇವೆ. 2003ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ಸ್ಪೇನಿನ ವೈದ್ಯರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಬಹುಕಾಲದಿಂದ ಸೊಂಟನೋವಿದ್ದ 313 ಮಂದಿಗೆ, ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು ನೋಡಿದರು. ತೊಂಬತ್ತು ದಿನ ಕಳೆದಾಗ ಹೆಚ್ಚು ಸುಧಾರಿಸಿದವರು ಮಧ್ಯಮದವರೇ. ಅಂದರೆ ಅತಿಮೆತ್ತನೆಯದೂ ಬೇಡ, ಕಲ್ಲೂ ಬೇಡ. ಅಂಗಡಿಯವರು 'ಆರ್ಥೋಪೆಡಿಕ್' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಅದನ್ನು ಯಾವುದೋ ಮೂಳೆವೈದ್ಯರ ಸರ್ಟಿಫಿಕೇಟೆಂದು ನಂಬಿಬಿಡಬೇಡಿ. ನೋವು ಕಾಲಿಗಿಳಿದು ಜೋಮು ಹಿಡಿಯುತ್ತಿದ್ದರೆ ಹಾಸಿಗೆಯಂಗಡಿ ಬಿಟ್ಟು ಡಾಕ್ಟರರ ಬಳಿಗೆ ಹೋಗಿ.

ಬಾಣಂತನದ ಮನೆಯವರಿಗೆ ನಾನು ಖಂಡಿತವಾಗಿ ಹೇಳುವ ಮಾತೊಂದಿದೆ. ತಾಯಿ ಬೇಕಾದರೆ ಮಲಗಲಿ, ಎಳೆಗೂಸನ್ನು ಮಾತ್ರ ಈ ಹಾಸಿಗೆಯ ಮೇಲೆ ಮಲಗಿಸಬೇಡಿ. ಮಗು ಮಗುಚಿಕೊಂಡರೆ ಮುಖ ಮೆತ್ತೆಯಲ್ಲಿ ಹೂತು ಉಸಿರುಕಟ್ಟುವ ಅಪಾಯವುಂಟು. ತಾನೇ ತಲೆಯೆತ್ತಿಕೊಳ್ಳುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಬಿಗಿಯಾದ, ಸಮತಟ್ಟಾದ, ತನ್ನದೇ ಆದ ಹಾಸು ಇರಲಿ, ಅಂಗಾತವಾಗಿ ಮಲಗಿಸಿ, ಸುತ್ತ ದಿಂಬುಗಳ ಗೋಡೆ ಕಟ್ಟಬೇಡಿ. ಬಾಣಂತಿಗೆ ಒಳ್ಳೆಯದೆಂದು ತಂದದ್ದು ಕೂಸಿಗೂ ಒಳ್ಳೆಯದೆಂದು ಅಜ್ಜಿಯರು ಸಲಿಗೆ ಕೊಡಬಾರದು. ನಾನೂ ಅಜ್ಜಿಯೇ, ಆದುದರಿಂದ ಹೇಳುತ್ತಿದ್ದೇನೆ.

ಗೃಹಪ್ರವೇಶದ ಗೆಳತಿ ಮೊದಲು ಟೇಪು ಹಿಡಿದು ಕೋಣೆ ಅಳೆಯಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ಹಿರಿಯರು. ಮುಂಬಯಿಯಲ್ಲಿ ಕೋಣೆ ಇದ್ದಷ್ಟು ಹಾಸಿಗೆ ಚಾಚಬೇಕು. ಅಂಗಡಿಗೆ ಹೋದರೆ ಐದು ನಿಮಿಷದ ಸಂಕೋಚ ಬೇಡ, ಕಾಲು ಗಂಟೆ ಮಲಗಿ, ನೀವು ದಿನವೂ ಮಲಗುವ ಭಂಗಿಯಲ್ಲೇ. ಹೊರಳಿ ನೋಡಿ. ಅಂಚಿನಲ್ಲಿ ಕೂತು, ಪಾದ ನೆಲಕ್ಕೆ ಊರುತ್ತದೆಯೇ, ಕೈ ಊರಿ ಏಳಲಾಗುತ್ತದೆಯೇ ನೋಡಿ. ಹಿರಿಯರಿದ್ದರೆ ಅವರನ್ನೇ ಕೂರಿಸಿ ನೋಡಿ. ಆರು ಅಥವಾ ಎಂಟು ಅಂಗುಲ ದಪ್ಪವೆಂದರೆ ಅಷ್ಟೂ ಮೆಮರಿ ಫೋಮ್ ಅಲ್ಲ. ಮೇಲಿನ ಒಂದೆರಡು ಅಂಗುಲವಷ್ಟೇ ಅದು, ಕೆಳಗಿನದು ಸಾಮಾನ್ಯ ಫೋಮ್, ಕೆಲವದರಲ್ಲಿ ಚೂರುಗಳನ್ನು ಒತ್ತಿ ಮಾಡಿದ್ದು. ಯಾವ ಪದರ ಎಷ್ಟು ದಪ್ಪ, ಎಷ್ಟು ಸಾಂದ್ರತೆ ಎಂದು ಬರೆದು ಕೊಡಲು ಕೇಳಿ. ಕೆಲವು ಕಂಪೆನಿಗಳು ನೂರು ರಾತ್ರಿ ಮಲಗಿ ನೋಡಿ, ಒಗ್ಗದಿದ್ದರೆ ಹಿಂದಿರುಗಿಸಿ ಎನ್ನುತ್ತವೆ. ನಿಮ್ಮದೇ ಕೋಣೆಯ ಸೆಕೆಯಲ್ಲಿ ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ, ಆದರೆ ಷರತ್ತುಗಳನ್ನು ಓದಿ ಕೊಳ್ಳಿ.

ತಂದ ಮೇಲೂ ಇದರ ಆರೈಕೆ ಬೇರೆ. ಜುಲೈ ಒಂದೇ ತಿಂಗಳಲ್ಲಿ ಸಾಂತಾಕ್ರೂಜಿನಲ್ಲಿ ಸರಾಸರಿ 800 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿದು. ಕೆಳಗೆ ಸಾಮಾನು ತುಂಬುವ ಪೆಟ್ಟಿಗೆ-ಮಂಚದ ಪ್ಲೈವುಡ್ಡಿನ ಮೇಲಾಗಲಿ, ಬರಿಯ ನೆಲಹಾಸಿನ ಮೇಲಾಗಲಿ ಹಾಸಿಬಿಟ್ಟರೆ, ಬೆವರಿನ ಪಸೆ ಅಡಿಯಲ್ಲೇ ನಿಂತು ಬೂಷ್ಟು ಹಿಡಿಯುತ್ತದೆ. ಪಟ್ಟಿಗಳ ಮಂಚ ಲೇಸು. ಇಲ್ಲದಿದ್ದರೆ ವಾರಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿ ಫ್ಯಾನು ಹಾಕಿ. ಹತ್ತಿಯ ಗಾದಿಯಂತೆ ಗಚ್ಚಿನ ಮೇಲೆ ಸುಡುಬಿಸಿಲಿಗೆ ಹಾಕಬೇಡಿ, ಬಿಸಿಲಿಗೆ ಫೋಮ್ ಹಳದಿಗಟ್ಟಿ ಪುಡಿಯಾಗುತ್ತದೆ. ಮೇಲಿನ ಪದರ ಮಾತ್ರ ಮೆಮರಿ ಫೋಮ್ ಆಗಿದ್ದರೆ ಮಗುಚಿ ಹಾಕಿ ಪ್ರಯೋಜನವಿಲ್ಲ. ತಲೆಯ ಕಡೆಯನ್ನು ಕಾಲಿನ ಕಡೆಗೆ ತಿರುಗಿಸಬಹುದು, ಅಷ್ಟೇ. ಕೆಳಮಾಳಿಗೆಯವರು 2005ರ ಜುಲೈ 26ನ್ನು ಮರೆತಿರಲಾರರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ತೊಯ್ದ ಹಾಸಿಗೆಗಳು ಬೀದಿಬೀದಿಯಲ್ಲಿ ರಾಶಿಬಿದ್ದಿದ್ದವು. ನೆರೆನೀರು ಕುಡಿದ ಫೋಮನ್ನು ಯಾವ ಪಿಂಜಾರನೂ ಸರಿಮಾಡಲಾರ. ದಿನವೂ ಹಾಸಿಗೆ ಮಡಿಚಿಡಬೇಕಾದ ಒಂದೇ ಖೋಲಿಯ ಸಂಸಾರಕ್ಕೂ ಇದು ಸಲ್ಲದು. ಅಲ್ಲಿ ಹತ್ತಿಯ ಗಾದಿಗೆ ಸಾಟಿಯಾದುದು ನನಗೆ ಇನ್ನೂ ಕಂಡಿಲ್ಲ.

ನಾಲ್ಕನೆಯ ಗೆಳತಿಗೆ: ನಿಮ್ಮ ಹಳೆಯ ಹಾಸಿಗೆ ಇನ್ನೂ ಸಮತಟ್ಟಾಗಿದ್ದು, ಬೆಳಿಗ್ಗೆ ಮೈ ಹಗುರಾಗಿ ಏಳುತ್ತಿದ್ದರೆ ಆ ಹಣದಲ್ಲಿ ಊರಿಗೆ ಹೋಗಿಬನ್ನಿ.

ನಮ್ಮವರಿಗೆ ಈಗ ಹೊಸದೊಂದು ನಾರಿನ ಹಾಸಿಗೆ, ಮೇಲೆ ತೆಳ್ಳಗೆ ಒಂದು ಹತ್ತಿಯ ಗಾದಿ. ಗಾದಿಯನ್ನು ಮಾತ್ರ ನಾನೇ ಕಲ್ಯಾಣಿನ ಒಬ್ಬ ಮುದಿ ಪಿಂಜಾರನಿಂದ, ಎದುರಿಗೆ ಕೂತು ತುಂಬಿಸಿ ತಂದೆ. ಈಗ ಆ ಕೆಲಸ ಯಂತ್ರದಿಂದ ನಡೆಯುತ್ತದೆ, ಬಿಲ್ಲಿನ ನಾದವಿಲ್ಲ. ಚಾಪೆಯನ್ನು ಮಗ ಎತ್ತಿ ಅಟ್ಟಕ್ಕೆ ಹಾಕಿದ್ದಾನೆ.

ತಲೆದಿಂಬಿನ ಬಗ್ಗೆ ಕೇಳಿದವರೂ ಇದ್ದಾರೆ. ಬೂರುಗದ ಹತ್ತಿಯೋ ಫೋಮೋ ಎಂಬ ಆ ಜಗಳವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.