ಗಾಜಿನ ಪೆಟ್ಟಿಗೆಗಿರುವ ಭಾಗ್ಯ ಬೇಡ್ತಿಗೇಕಿಲ್ಲ?

ಕಳೆದ ಬೇಸಿಗೆಯಲ್ಲಿ ಘಟ್ಟದ ಮೇಲಿನ ನಾವು ಕೆಲವರು ಹಾವೇರಿ ಸಮೀಪದ ಅಗಡಿಗೆ ಹೋಗಿದ್ದೆವು. ಬೇಡ್ತಿ–ವರದಾ ನದಿ ಜೋಡಣೆಯನ್ನು ನಾವೇಕೆ ವಿರೋಧಿಸುತ್ತಿದ್ದೇವೆ ಎಂಬುದನ್ನು ಬಯಲುಸೀಮೆಯ ರೈತರಿಗೆ ಎದುರು ಕುಳಿತು ಹೇಳಬೇಕು, ಅವರ ಮಾತನ್ನೂ ಕೇಳಬೇಕು ಎಂಬುದು ನಮ್ಮ ಉದ್ದೇಶವಾಗಿತ್ತು. ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಹೆಂಗೂ ಸಮುದ್ರಕ್ಕ ಹೋಗಿ ಹಾಳಾಗೋ ನೀರು. ಅದನ್ನ ನಮಗ ಕೊಟ್ರ ನಿಮ್ಮ ಗಂಟೇನು ಹೋಗ್ತದ?” ಮಳೆ ಕೈಕೊಟ್ಟ ವರ್ಷ ಮೆಣಸಿನ ಗಿಡ ಹೊಲದಲ್ಲೇ ಒಣಗುವುದನ್ನು ಕಂಡವರ ಪ್ರಶ್ನೆ ಅದು. ಅದರಲ್ಲಿ ಕುಹಕವಿರಲಿಲ್ಲ. ನಾವು ಕಾಡು, ಸಿಂಗಳೀಕ, ಜೀವವೈವಿಧ್ಯ ಎಂದು ರೂಢಿಯ ಉತ್ತರ ಕೊಟ್ಟೆವು. ಅವರಿಗೆ ಅದು ಸಾಲಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಸಾಲಲಿಲ್ಲ.

ಉತ್ತರ ಸಿಕ್ಕಿದ್ದು ಅಂದು ರಾತ್ರಿ, ನಾವು ತಂಗಿದ್ದ ಮನೆಯ ಪಡಸಾಲೆಯಲ್ಲಿ. ಆ ಮನೆಯ ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಹತ್ತಿಸಿಕೊಂಡ ಹವ್ಯಾಸವೊಂದನ್ನು ಊರಿಗೂ ತಂದಿದ್ದ. ಮುನ್ನೂರು ಲೀಟರಿನ ಗಾಜಿನ ತೊಟ್ಟಿ, ಅದರೊಳಗೆ ಉಪ್ಪುನೀರು, ಬಿಳಿ ಮರಳು, ಅಲುಗಾಡುವ ಮೃದು ಹವಳಗಳು, ನಾಲ್ಕಾರು ಮೀನುಗಳು. ಸಮುದ್ರದಿಂದ ಇಷ್ಟು ದೂರದ ಕಪ್ಪುಮಣ್ಣಿನ ಸೀಮೆಯಲ್ಲಿ ಇದೆಂಥ ವಿಲಾಸ ಎಂದು ಮೊದಲು ಮುಖ ಸಿಂಡರಿಸಿದವನು ನಾನೇ. ಆದರೆ ಆ ತರುಣ ವಿವರಿಸುತ್ತ ಹೋದಂತೆ, ನದಿಯ ಬಗ್ಗೆ ಇಷ್ಟು ಸ್ಪಷ್ಟವಾಗಿ ಯಾವ ಎಂಜಿನಿಯರರೂ ನಮಗೆ ಹೇಳಿಲ್ಲವಲ್ಲ ಎನ್ನಿಸಿತು.

ತೊಟ್ಟಿಯ ನೀರು ನಿಲ್ಲುವಂತಿಲ್ಲ. ಎದುರು ಬದುರಾಗಿ ಜೋಡಿಸಿದ ಎರಡು ಪಂಪುಗಳು ಸರದಿಯಂತೆ ನೀರನ್ನು ತಳ್ಳುತ್ತವೆ. ಗಂಟೆಗೆ ಆರೇಳು ಸಾವಿರ ಲೀಟರು, ಅಂದರೆ ತೊಟ್ಟಿಯ ನೀರೆಲ್ಲ ಗಂಟೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಸುತ್ತಬೇಕು. ಹವಳ ನಡೆದು ಹೋಗಿ ಉಣ್ಣುವ ಪ್ರಾಣಿಯಲ್ಲ. ಅದಕ್ಕೆ ಆಹಾರವನ್ನೂ ಆಮ್ಲಜನಕವನ್ನೂ ತರುವುದು, ಅದರ ಕೊಳೆಯನ್ನು ಒಯ್ಯುವುದು, ಎಲ್ಲವೂ ಹರಿವೇ. ಹರಿವು ತಲುಪದ ಮೂಲೆಯಲ್ಲಿ ಕಸ ಕೂರುತ್ತದೆ, ಕೆಲವೇ ದಿನಗಳಲ್ಲಿ ಮರಳಿನ ಮೇಲೆ ಕೆಂಪು ಲೋಳೆ ಹಬ್ಬುತ್ತದೆ. ಹಾಗೆಂದು ಪಂಪಿನ ಬಲ ಹೆಚ್ಚಿಸಿದರೆ ಮರಳು ಎದ್ದು ಹವಳದ ಮೇಲೆ ಸುರಿದು ಅದನ್ನು ಹೂಳುತ್ತದೆ, ಒಂದು ಕಡೆ ತಳ ಬರಿದಾಗುತ್ತದೆ, ಇನ್ನೊಂದು ಕಡೆ ದಿಬ್ಬವೇಳುತ್ತದೆ. ಪಂಪನ್ನು ಎರಡು ಬೆರಳಿನಷ್ಟು ಅತ್ತಿತ್ತ ತಿರುಗಿಸಲು ಈ ಹುಡುಗ ಒಂದು ತಿಂಗಳು ತೆಗೆದುಕೊಂಡನಂತೆ! ಕರೆಂಟು ಹೋದರೆ ಕೆಲವು ಗಂಟೆಗಳಲ್ಲಿ ಜೀವಗಳು ಉಸಿರುಗಟ್ಟತೊಡಗುತ್ತವೆ. ಹಳ್ಳಿಯ ವಿದ್ಯುತ್ತನ್ನು ನಂಬಲಾರದೆ ಬ್ಯಾಟರಿ ಇಟ್ಟುಕೊಂಡಿದ್ದಾನೆ.

ಮರಳಿನ ಕಥೆ ಇನ್ನೂ ಸೂಕ್ಷ್ಮ. ನದಿಯ ಮರಳು ಅಲ್ಲಿ ಸಲ್ಲುವುದಿಲ್ಲ. ಸುಣ್ಣದಂಶದ, ಹವಳ ಚಿಪ್ಪುಗಳು ಸವೆದಾದ ಮರಳೇ ಒಳ್ಳೆಯದು. ಕಣ ತೀರ ನುಣುಪಾದರೆ ಹಾರುತ್ತದೆ, ದಪ್ಪವಾದರೆ ಸಂದಿನಲ್ಲಿ ಹೊಲಸು ಸಿಕ್ಕಿಕೊಳ್ಳುತ್ತದೆ. ನಾಲ್ಕು ಅಂಗುಲಕ್ಕೂ ಹೆಚ್ಚು ಆಳದ ಹಾಸಾದರೆ ಅದರ ಅಡಿಯಲ್ಲಿ ಗಾಳಿ ಸೋಕದ ಪದರವೊಂದು ಏರ್ಪಟ್ಟು, ಅಲ್ಲಿನ ಸೂಕ್ಷ್ಮಜೀವಿಗಳು ನೀರಿನ ನೈಟ್ರೇಟನ್ನು ಒಡೆದು ಸಾರಜನಕವಾಗಿ ಗಾಳಿಗೆ ಬಿಡುತ್ತವೆ. ಹಲವು ವರ್ಷ ಹಾಗೆ ಕೂತ ಮರಳನ್ನು ಯಾರಾದರೂ ಒಮ್ಮೆಗೇ ಕೆದಕಿದರೆ ಅಡಿಯಲ್ಲಿದ್ದ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಮೇಲೆದ್ದು ಮೀನುಗಳನ್ನು ಕೊಲ್ಲಬಹುದು. “ಮರಳು ಬರೀ ಮರಳಲ್ಲರೀ, ಅದೂ ಒಂದು ಜೀವ ಇದ್ದಂಗ” ಎಂದ ಆತ. ಗಟ್ಟಿ ಹವಳವೇಕಿಲ್ಲ ಎಂದು ಕೇಳಿದೆ. 2001ರ ಜುಲೈನಲ್ಲಿ ಬಂಡೆ ಕಟ್ಟುವ ಹವಳಗಳನ್ನೆಲ್ಲ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ, ಹುಲಿಗಿರುವ ರಕ್ಷಣೆಯೇ ಅದಕ್ಕೂ ಇದೆ ಎಂದು ಅವನೇ ನನಗೆ ತಿಳಿಸಿದ. ನಮ್ಮ ಮುರ್ಡೇಶ್ವರದ ಆಚೆಯ ನೇತ್ರಾಣಿ ದ್ವೀಪದ ಹವಳಗಳಿಗೂ ಇದು ಅನ್ವಯ.

ಮಿತ್ರರೇ, ಮುನ್ನೂರು ಲೀಟರು ನೀರಿಗೆ ಇಷ್ಟು ಲೆಕ್ಕ. ಈಗ ಬೇಡ್ತಿಗೆ ಬನ್ನಿ. ಧಾರವಾಡ ಸೀಮೆಯಲ್ಲಿ ಹುಟ್ಟಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಲ್ಲಿ ಗೋಕರ್ಣದ ಬಳಿ ಕಡಲು ಸೇರುವ ನದಿ ಇದು. ರಾಷ್ಟ್ರೀಯ ಜಲ ಅಭಿವೃದ್ಧಿ ಸಂಸ್ಥೆಯು ಪರ್ಯಾಯ ದ್ವೀಪ ಭಾಗದ ನದಿಗಳಿಗೆ ರೂಪಿಸಿದ 16 ಜೋಡಣೆಗಳಲ್ಲಿ ಬೇಡ್ತಿ–ವರದಾ ಒಂದು. ಪಟ್ಟಣದಹಳ್ಳ, ಶಾಲ್ಮಲಾಹಳ್ಳಗಳಿಗೆ ಅಡ್ಡಗಟ್ಟಿ, ನೀರನ್ನು ಪಂಪುಗಳಿಂದ ಮೇಲೆತ್ತಿ, ಸುರಂಗದಲ್ಲಿ ಹಾಯಿಸಿ ವರದೆಗೆ ಸುರಿಯುವ ಯೋಜನೆ. ಸಂಸ್ಥೆಯ ಮೂಲ ವರದಿಯ ಪ್ರಕಾರ ವರ್ಷಕ್ಕೆ 242 ದಶಲಕ್ಷ ಘನ ಮೀಟರ್, ಅಂದರೆ ಸುಮಾರು ಎಂಟೂವರೆ ಟಿಎಂಸಿ. ಅದು ನೀರುಣಿಸಬೇಕಾದ 60,200 ಹೆಕ್ಟೇರ್ ಭೂಮಿ ಇದ್ದದ್ದು ಎಲ್ಲಿ? ರಾಯಚೂರು ಜಿಲ್ಲೆಯಲ್ಲಿ! ಆನಂತರ ಯೋಜನೆ ಹಲವು ಬಾರಿ ವೇಷ ಬದಲಿಸಿ ಬಂದಿದೆ, ಪ್ರತಿ ವೇಷದಲ್ಲೂ ಹೊಸ ಜಿಲ್ಲೆಗಳಿಗೆ ಆಸೆ ತೋರಿಸಿದೆ. ಅಗಡಿಯ ಹಿರಿಯರಿಗೆ ಈ ಮೂಲ ಲೆಕ್ಕವನ್ನು ಯಾರೂ ಹೇಳಿರಲಿಲ್ಲ.

“ಮಳೆಗಾಲದ ಹೆಚ್ಚುವರಿ ನೀರನ್ನು ಮಾತ್ರ ಒಯ್ಯುತ್ತೇವೆ” ಎಂಬುದು ಯೋಜನೆಯ ಪರವಾದ ಮುಖ್ಯ ವಾದ. ಇಲ್ಲಿಯೇ ತೊಟ್ಟಿಯ ಪಾಠ ಬೇಕು. ನದಿ ತನ್ನ ಮರಳನ್ನು ವರ್ಷವಿಡೀ ಹೊರುವುದಿಲ್ಲ. ವರ್ಷದ ಹೊರೆಯ ಬಹುಪಾಲು ಸಾಗುವುದು ಮಳೆಗಾಲದ ಕೆಲವೇ ನೆರೆಯ ದಿನಗಳಲ್ಲಿ. ಆ ನೆರೆಯನ್ನೇ ಹೆಚ್ಚುವರಿ ಎಂದು ಹೆಸರಿಟ್ಟು ಕಿತ್ತುಕೊಂಡರೆ, ಅಣೆಕಟ್ಟಿನ ಹಿಂದೆ ಹೂಳು ತುಂಬುತ್ತದೆ, ಮುಂದೆ ಅಳಿವೆಗೆ ಮರಳು ಬರುವುದಿಲ್ಲ. ಬೇಸಿಗೆಯಲ್ಲಿ ಸಿಹಿನೀರಿನ ಒತ್ತಡ ತಗ್ಗಿದರೆ ಉಪ್ಪು ಮೇಲಕ್ಕೇರಿ ಬಾವಿ ಗದ್ದೆಗಳನ್ನು ಸೇರುತ್ತದೆ. ನೀಲ್ ನದಿಗೆ ಅಸ್ವಾನ್ ಕಟ್ಟಿ 1960ರ ದಶಕದಲ್ಲಿ ನೆರೆಯನ್ನು ತಡೆದ ಮೇಲೆ ಈಜಿಪ್ಟ್ ಕರಾವಳಿಯ ಸಾರ್ಡೀನ್ ಮೀನುಗಾರಿಕೆ ಕುಸಿದುಬಿತ್ತು, ನದೀಮುಖದ ದಡ ಕೊರೆಯತೊಡಗಿತು. ನೇತ್ರಾಣಿಯ ಹವಳ ಗಂಗಾವಳಿಯ ನೀರಿನಿಂದ ಬದುಕಿದೆಯೆಂದು ನಾನು ಹೇಳುತ್ತಿಲ್ಲ. ಹವಳಕ್ಕೆ ನದಿಯ ಕೆಸರು ಒಗ್ಗದು, ಅದು ದಡದಿಂದ ದೂರವಿರುವುದೇ ಅದರ ಪುಣ್ಯ. ಆದರೆ ಅಳಿವೆಯ ಬಳಚು, ಸೀಗಡಿ, ಕಾಂಡ್ಲಾ ಕಾಡು, ಅಲ್ಲಿ ಮರಿ ಮಾಡುವ ಮೀನು ಇವೆಲ್ಲ ಹರಿವಿನ ಮತ್ತು ಮರಳಿನ ಮಕ್ಕಳು. ನೆರೆಯ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸಮುದ್ರಕ್ಕೆ ಹೋದ ನೀರು ಹಾಳಾಯಿತೆನ್ನುವವರು ಆ ಅಳಿವೆಯಲ್ಲಿ ಇಳಿತದ ಹೊತ್ತು ಬಳಚು ಆರಿಸುವ ಹೆಂಗಸರ ಬುಟ್ಟಿಯನ್ನೊಮ್ಮೆ ನೋಡಬೇಕು.

ಇನ್ನು ವರದೆಯ ಮಾತು. ಇಕ್ಕೇರಿ ಬಳಿಯ ವರದಾಮೂಲದಲ್ಲಿ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಈ ನದಿಯ ಮರಳಿನಲ್ಲಿ ಹಿಂದೆ ಬೇಸಿಗೆಯಲ್ಲೂ ವರ್ತಿ ತೆಗೆದು ಕುಡಿಯುವ ನೀರು ಒಯ್ಯುತ್ತಿದ್ದರೆಂದು ಅಗಡಿಯ ಸಭೆಯಲ್ಲಿ ಹಲವರು ನೆನೆದರು. ಮರಳಿನ ಹಾಸೆಂದರೆ ನೆಲದಡಿಯ ಕೆರೆ. ಆವಿಯಾಗಿ ಹೋಗದ, ಶೋಧಿಸಿ ಕೊಡುವ ಕೆರೆ. ಅದನ್ನು ರಾತ್ರೋರಾತ್ರಿ ಲಾರಿಗಳಲ್ಲಿ ಸಾಗಿಸಿ ಕಲ್ಲು ಕಾಣುವಂತೆ ಮಾಡಿದ ಮೇಲೆ ಎಲ್ಲಿಂದ ಎಷ್ಟು ಟಿಎಂಸಿ ತಂದು ಸುರಿದರೂ ಅದು ನಿಲ್ಲುವುದೆಲ್ಲಿ? ಐದು ಹೆಕ್ಟೇರಿಗಿಂತ ಚಿಕ್ಕ ಮರಳು ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲೇ ಹೇಳಿದೆ. ಮರಳಿನ ಲಾರಿಗೆ ಕಣ್ಮುಚ್ಚಿ, ನಮ್ಮ ಕಾಡಿನತ್ತ ಬೆರಳು ತೋರಿಸುವ ಮುಖಂಡರನ್ನು ಅಗಡಿಯ ಜನ ಮೊದಲು ಈ ಪ್ರಶ್ನೆ ಕೇಳಲಿ. ನಾವೂ ಒಪ್ಪಿಕೊಳ್ಳಬೇಕಾದದ್ದಿದೆ: ಬಯಲುಸೀಮೆಯ ಬಾಯಾರಿಕೆ ನಮ್ಮ ಚಳವಳಿಯ ಕರಪತ್ರಗಳಲ್ಲಿ ಇದುವರೆಗೆ ಒಂದು ಸಾಲಿಗಿಂತ ಹೆಚ್ಚು ಜಾಗ ಪಡೆದಿಲ್ಲ.

1981ರ ಜನವರಿಯಲ್ಲಿ ಶಿರಸಿಯಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಕುರಿತು ವಿಚಾರಸಂಕಿರಣ ನಡೆದಾಗ ತೋಟಿಗರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಸರ್ಕಾರದ ಲೆಕ್ಕವನ್ನು ಸಾಲುಸಾಲಾಗಿ ಪರೀಕ್ಷಿಸಿದ್ದರು. ಆ ಯೋಜನೆ ಕೈಬಿಟ್ಟುಹೋಯಿತು. ಈಗಲೂ ಬೇಕಾದದ್ದು ಅಂಥ ಲೆಕ್ಕವೇ. ಯಾವ ತಿಂಗಳು ಎಷ್ಟು ನೀರು ಅಳಿವೆ ಮುಟ್ಟಬೇಕು, ಎಷ್ಟು ಮರಳು ಸಾಗಬೇಕು, ವರದೆಯ ತಳದಲ್ಲಿ ಉಳಿದ ಮರಳೆಷ್ಟು, ಅಗಡಿ ಸುತ್ತಿನ ಕೆರೆಗಳ ಹೂಳೆತ್ತಿದರೆ ನಿಲ್ಲುವ ನೀರೆಷ್ಟು ಎಂಬುದನ್ನು ಕನ್ನಡದಲ್ಲಿ ಮುದ್ರಿಸಿ ಗ್ರಾಮಸಭೆಗಳ ಮುಂದಿಡುವ ತನಕ ಒಂದು ಗುದ್ದಲಿಯೂ ಬೀಳಬಾರದು.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಆ ಹಿರಿಯರನ್ನು ಕರೆತಂದು ತೊಟ್ಟಿಯ ಮುಂದೆ ಕೂರಿಸಿದೆವು. ಹುಡುಗ ಒಂದು ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ ತೋರಿಸಿದ. ಅವರು ಬಹಳ ಹೊತ್ತು ಮರಳನ್ನೇ ನೋಡಿ, “ಹಂಗಾರ ನಮ್ಮ ಹೊಳಿ ಉಸುಕಿನ ಲೆಕ್ಕ ಮೊದಲು ಕೇಳೂಣು” ಎಂದರು. ಮುಂದಿನ ಸಭೆಯನ್ನು ಅಗಡಿಯಲ್ಲೇ ಸೇರಿಸುವುದೆಂದು ಮಾತಾಗಿದೆ. ಗಂಗಾವಳಿ ಅಳಿವೆಯಿಂದ ಬಳಚು ಆರಿಸುವ ಕೆಲವರನ್ನು ಕರೆತರುವ ಹೊಣೆ ನಮ್ಮದು. ಬಸ್ಸಿನ ಖರ್ಚಿಗೆ ನೆರವಾಗಬಲ್ಲವರು ತಿಳಿಸಬೇಕು.