ಗಣಕಜಾಲದ ಸ್ಥಪತಿ

ಕಳೆದ ವೈಶಾಖದಲ್ಲಿ ಒಂದು ಸಾಯಂಕಾಲ ನಮ್ಮ ನೆರೆಮನೆಯ ಗೃಹಿಣಿಯೊಬ್ಬರು ಮುದ್ರಿತ ಪತ್ರವೊಂದನ್ನು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. “ಮೇಷ್ಟ್ರೇ, ಇದನ್ನೊಂದಿಷ್ಟು ಓದಿ ಹೇಳಿ. ಹುಡುಗ ಇದಕ್ಕೆ ಸೇರಲೇಬೇಕೆಂದು ಹಟ ಹಿಡಿದಿದ್ದಾನೆ. ನಮ್ಮ ಮನೆಯವರೂ ಇಲ್ಲವೆನ್ನಲಾರರು” ಎಂದರು. ಅದು ನಗರದ ಒಂದು ಖಾಸಗಿ ಶಿಕ್ಷಣಸಂಸ್ಥೆಯ ವಿಜ್ಞಾಪನೆ. ಆರು ತಿಂಗಳ ವ್ಯಾಸಂಗ; ಅದು ಮುಗಿದೊಡನೆ ‘ನೆಟ್‌ವರ್ಕ್ ಆರ್ಕಿಟೆಕ್ಟ್’ ಎಂಬ ಹೆಸರಿನ ಉದ್ಯೋಗದ ಭರವಸೆ. ಶುಲ್ಕದ ಮೊತ್ತವನ್ನು ನೋಡಿ ನಾವು ಕನ್ನಡಕವನ್ನು ಒರೆಸಿಕೊಂಡು ಮತ್ತೊಮ್ಮೆ ನೋಡಿದೆವು. ಅದನ್ನು ಹೊಂದಿಸುವುದಕ್ಕಾಗಿ ಆಕೆ ತಮ್ಮ ಬಳೆಗಳನ್ನು ಅಡವಿಡಲು ಸಿದ್ಧರಾಗಿದ್ದರು. ಐದು ಸಾವಿರ ರೂಪಾಯಿ ಮುಂಗಡವನ್ನು ಆಗಲೇ ಕಟ್ಟಿಯೂ ಆಗಿತ್ತು.

ಮೂವತ್ತೈದು ವರ್ಷ ಪಾಠ ಹೇಳಿದವರಾದರೂ ಈ ವಿದ್ಯೆ ನಮ್ಮದಲ್ಲ. ಅರಿಯದ ವಿಷಯದಲ್ಲಿ ಹೌದೆಂದರೂ ತಪ್ಪು, ಅಲ್ಲವೆಂದರೂ ತಪ್ಪು. ಆಕೆಯಲ್ಲಿ ನಾಲ್ಕು ದಿನದ ಅವಕಾಶವನ್ನು ಕೇಳಿಕೊಂಡು, ಹಿಂದೆ ನಮ್ಮಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಇದೇ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸಿರುವ ಶಿಷ್ಯನೊಬ್ಬನಿಗೆ ದೂರವಾಣಿ ಮಾಡಿದೆವು. ಭಾನುವಾರ ಅವನೇ ಬಂದು ಊಟದ ಹೊತ್ತಿನವರೆಗೂ ಕುಳಿತು ವಿವರಿಸಿದನು. ಇಂಥ ವಿಜ್ಞಾಪನೆಗಳು ಇನ್ನೆಷ್ಟು ಮನೆಗಳ ಬಾಗಿಲಿಗೆ ಬರುತ್ತಿರುವುವೋ! ಆದುದರಿಂದ ನಾವು ತಿಳಿದುಕೊಂಡಷ್ಟನ್ನು ವಾಚಕಮಹಾಶಯರ ಮುಂದಿಡುತ್ತೇವೆ.

ಆರ್ಕಿಟೆಕ್ಟ್ ಎಂದರೆ ಸ್ಥಪತಿ. ಹತ್ತು ಊರುಗಳಲ್ಲಿ ಶಾಖೆಗಳಿರುವ ಒಂದು ಬ್ಯಾಂಕೋ ಆಸ್ಪತ್ರೆಯೋ ಇದೆಯೆಂದು ಭಾವಿಸಿರಿ. ಅಲ್ಲಿರುವ ನೂರಾರು ಕಂಪ್ಯೂಟರುಗಳು ಒಂದರೊಡನೊಂದು ಯಾವ ಮಾರ್ಗವಾಗಿ ಮಾತನಾಡಬೇಕು, ಯಾವ ಬಾಗಿಲಲ್ಲಿ ಯಾರನ್ನು ತಡೆಯಬೇಕು, ಒಂದು ಮಾರ್ಗ ಕಡಿದರೆ ಮತ್ತೊಂದು ಯಾವುದು, ಐದು ವರ್ಷದ ಮೇಲೆ ಶಾಖೆಗಳು ಇಮ್ಮಡಿಯಾದರೆ ಏನು ಗತಿ, ಇದೆಲ್ಲಕ್ಕೂ ತಗಲುವ ವೆಚ್ಚವೆಷ್ಟು ಎಂಬುದನ್ನು ಮುಂದಾಗಿ ಯೋಚಿಸಿ ನಕ್ಷೆ ಬರೆದುಕೊಡತಕ್ಕವನೇ ಗಣಕಜಾಲದ ಸ್ಥಪತಿ. ನಮ್ಮ ಶಿಷ್ಯನು ಒಂದು ಉದಾಹರಣೆಯನ್ನು ಹೇಳಿದನು. ಒಂದು ಕಚೇರಿಯವರು ಜಾಗರೂಕರಾಗಿ ಎರಡು ಬೇರೆ ಬೇರೆ ಕಂಪೆನಿಗಳಿಂದ ಎರಡು ತಂತಿಗಳನ್ನು ಪಡೆದಿರುತ್ತಾರೆ. ಆದರೆ ಎರಡನ್ನೂ ರಸ್ತೆಯ ಬದಿಯ ಒಂದೇ ಕಾಲುವೆಯಲ್ಲಿ ಹುಗಿದಿದ್ದರೆ, ಚರಂಡಿ ತೋಡಲು ಬಂದ ಜೇಸೀಬಿಗೆ ಎರಡೂ ಒಂದೇ ತುತ್ತು. ಆದುದರಿಂದ ತಂತಿ ನೆಲದೊಳಗೆ ಎಲ್ಲಿ ಹಾದುಹೋಗಿದೆ ಎಂದು ಕೇಳದೆ ಒಳ್ಳೆಯ ಸ್ಥಪತಿ ರುಜು ಹಾಕುವುದಿಲ್ಲವಂತೆ. ದೂರವೂ ಅವನ ಲೆಕ್ಕದಲ್ಲಿ ಸೇರಿದೆ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಸಾವಿರ ಕಿಲೋಮೀಟರು ದೂರದ ಊರಿಗೆ ಹೋಗಿ ಬರುವುದಕ್ಕೆ ಸೆಕೆಂಡಿನ ನೂರರಲ್ಲೊಂದು ಭಾಗ ಹಿಡಿದೇ ಹಿಡಿಯುವುದು. ಎಷ್ಟು ಹಣ ಸುರಿದರೂ ಇದು ಕಡಮೆಯಾಗದು.

ಇಂಥ ಕೆಲಸವನ್ನು ಹೊಸಬನ ಕೈಗೆ ಯಾರು ಕೊಟ್ಟಾರು? ಅಮೆರಿಕದ ಸರಕಾರದ ಕಾರ್ಮಿಕ ಅಂಕಿಅಂಶಗಳ ಇಲಾಖೆಯು ಪ್ರಕಟಿಸುವ ಉದ್ಯೋಗಗಳ ಕೈಪಿಡಿಯಲ್ಲಿ, ಈ ಹುದ್ದೆಗೆ ಸಾಮಾನ್ಯವಾಗಿ ಪದವಿಯೂ, ಅದರ ಮೇಲೆ ಸಂಬಂಧಪಟ್ಟ ಕೆಲಸದಲ್ಲಿ ಐದು ಅಥವಾ ಹೆಚ್ಚು ವರ್ಷಗಳ ಅನುಭವವೂ ಬೇಕೆಂದು ಹೇಳಿದೆ. ನಮ್ಮ ಶಿಷ್ಯನನ್ನು ಕೇಳಿದರೆ ನಕ್ಕುಬಿಟ್ಟನು. “ಸಾರ್, ಮೊದಲ ಎರಡು ವರ್ಷ ನಾನು ಮಾಡಿದ್ದು ತಂತಿಗಳಿಗೆ ಹೆಸರಿನ ಚೀಟಿ ಅಂಟಿಸುವುದು, ರಾತ್ರಿಪಾಳಿಯಲ್ಲಿ ಫೋನು ತೆಗೆದುಕೊಳ್ಳುವುದು, ಇಷ್ಟೇ. ನಕ್ಷೆಗೆ ಕೈಹಾಕಲು ಬಿಟ್ಟದ್ದು ಒಂಬತ್ತನೆಯ ವರ್ಷದಲ್ಲಿ” ಎಂದನು.

ಅನುಭವಕ್ಕೆ ಇಷ್ಟು ಬೆಲೆ ಏತಕ್ಕೆ ಎಂಬುದನ್ನು ವಾಚಕರು ತಾವೇ ಒಂದು ರಾತ್ರಿ ಕಂಡಿದ್ದಾರೆ. 2021ನೆಯ ಅಕ್ಟೋಬರ್ 4ರಂದು, ನಮ್ಮಲ್ಲಿ ರಾತ್ರಿ 9 ಗಂಟೆ ದಾಟಿದಾಗ, ವಾಟ್ಸ್‌ಆಪ್ ಇದ್ದಕ್ಕಿದ್ದಂತೆ ಮೂಕವಾದುದು ಅನೇಕರಿಗೆ ನೆನಪಿರಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಿಗೂ ಅದೇ ಅವಸ್ಥೆ. ಸುಮಾರು ಆರು ಗಂಟೆಗಳ ಕಾಲ. ಕಳ್ಳರು ಯಾರೂ ನುಗ್ಗಿರಲಿಲ್ಲ. ಆ ಕಂಪೆನಿಯವರೇ ದಿನಚರಿಯ ದುರಸ್ತಿಯ ಸಮಯದಲ್ಲಿ, ತಮ್ಮ ಮುಖ್ಯ ಮಾರ್ಗಗಳಲ್ಲಿ ಎಷ್ಟು ಅವಕಾಶವಿದೆಯೆಂದು ಅಳೆಯಲು ಒಂದು ಆಜ್ಞೆಯನ್ನು ಕೊಟ್ಟರು. ಅದು ಮಾರ್ಗಗಳನ್ನೇ ಕಡಿದುಹಾಕಿತು. ಇಂಥ ತಪ್ಪನ್ನು ತಡೆಯಲೆಂದೇ ಇಟ್ಟಿದ್ದ ಪರೀಕ್ಷಾಸಾಧನದಲ್ಲಿಯೇ ದೋಷವಿದ್ದು ಅದು ಸುಮ್ಮನಿತ್ತು. ಹೆಸರಿನಿಂದ ವಿಳಾಸವನ್ನು ಹೇಳುವ ಅವರ ಯಂತ್ರಗಳು, ಒಳಗಿನ ಸಂಪರ್ಕ ತಪ್ಪಿದುದನ್ನು ಕಂಡು, ತಾವು ಇರುವ ದಾರಿಯನ್ನು ಜಗತ್ತಿಗೆ ಸಾರುವುದನ್ನೂ ನಿಲ್ಲಿಸಿದವು. ಮನೆಯ ಬೀಗದ ಕೈ ಮನೆಯೊಳಗೇ ಉಳಿದಂತಾಯಿತು. ಏಕೆಂದರೆ ದುರಸ್ತಿ ಮಾಡಬೇಕಾದವರು ದೂರದಿಂದ ಬಳಸುತ್ತಿದ್ದ ಉಪಕರಣಗಳೂ ಅದೇ ಜಾಲವನ್ನು ನಂಬಿಕೊಂಡಿದ್ದವು. ಯಂತ್ರಗಳಿರುವ ಕಟ್ಟಡಗಳಿಗೇ ಆಳುಗಳು ಹೋಗಬೇಕಾಯಿತು. ಅಲ್ಲಿನ ಕಾವಲು ಬಿಗಿಯಾದುದರಿಂದ ಒಳಹೊಗುವುದಕ್ಕೂ ವೇಳೆ ಹಿಡಿಯಿತು. “ಹಿಂದಕ್ಕೆ ಬರುವ ದಾರಿಯನ್ನು ಕಾಗದದಲ್ಲಿ ಬರೆದುಕೊಳ್ಳದೆ ಯಾವ ಬದಲಾವಣೆಗೂ ಕೈಹಾಕಬಾರದು ಸಾರ್, ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ರಾತ್ರಿ ಎರಡು ಗಂಟೆಯ ಹೊತ್ತಿನ ನನ್ನ ತಪ್ಪುಗಳು” ಎಂದನು ನಮ್ಮ ಶಿಷ್ಯ.

ಹಾಗಾದರೆ ಮನೆಯಲ್ಲಿ ಕುಳಿತು ಮಾಡತಕ್ಕ ಸಿದ್ಧತೆ ಏನೂ ಇಲ್ಲವೇ? ಉಂಟು, ಅದಕ್ಕೆ ಬಳೆಗಳು ಬೇಕಾಗಿಲ್ಲ. ಮೊದಲನೆಯದು ವಿಳಾಸದ ಲೆಕ್ಕ. ಇದನ್ನು ಕೇಳಿದಾಗ ನಮಗೆ ಅನಿರೀಕ್ಷಿತವಾದ ಸಂತೋಷವಾಯಿತೆಂದು ಒಪ್ಪಿಕೊಳ್ಳಬೇಕು. ಛಂದಶ್ಶಾಸ್ತ್ರದಲ್ಲಿ ಲಘು, ಗುರು ಎಂಬ ಎರಡೇ ಬಗೆಯ ಅಕ್ಷರಗಳಿಂದ ಪ್ರಸ್ತಾರ ಹಾಕುವುದನ್ನು ನಾವು ಬಾಲ್ಯದಲ್ಲಿಯೇ ಕಲಿತೆವು. ಎಂಟು ಅಕ್ಷರದ ಪಾದಕ್ಕೆ 256 ವಿಧ. ಅನುಷ್ಟುಪ್ ಶ್ಲೋಕಕ್ಕೆ ಅಂಥ ನಾಲ್ಕು ಪಾದ, ಒಟ್ಟು 32 ಅಕ್ಷರ. ಜಾಲದಲ್ಲಿ ಇಂದಿಗೂ ಬಳಕೆಯಲ್ಲಿರುವ ಹಳೆಯ ಮಾದರಿಯ ವಿಳಾಸವೂ ಹಾಗೆಯೇ ನಾಲ್ಕು ಪಾದದ್ದು. ಪಾದಕ್ಕೆ ಎಂಟು ಸ್ಥಾನ, ಲಘುಗುರುಗಳ ಬದಲು ಸೊನ್ನೆ ಮತ್ತು ಒಂದು. ಒಟ್ಟು ವಿಳಾಸಗಳು 4,29,49,67,296. ಇವು ಸಾಲದಾದುದರಿಂದ ಬಂದ ಹೊಸ ಮಾದರಿಗೆ 128 ಸ್ಥಾನಗಳು, ಅಂದರೆ ನಾಲ್ಕು ಶ್ಲೋಕಗಳಷ್ಟು. ಮೊದಲ 24 ಸ್ಥಾನಗಳನ್ನು ಬೀದಿಯ ಹೆಸರೆಂದಿಟ್ಟುಕೊಂಡರೆ ಉಳಿದ ಎಂಟರಲ್ಲಿ 256 ಮನೆಗಳು. ಮೊದಲನೆಯದನ್ನೂ ಕೊನೆಯದನ್ನೂ ಯಾರಿಗೂ ಕೊಡುವಂತಿಲ್ಲವಾದುದರಿಂದ 254. ಬೀದಿಗೆ 26 ಸ್ಥಾನ ಕೊಟ್ಟರೆ ಮನೆಗಳು 62. ಈ ವಿಭಾಗವನ್ನು ಕಾಗದ ಪೆನ್ಸಿಲುಗಳಿಲ್ಲದೆ ಮನಸ್ಸಿನಲ್ಲಿಯೇ ಮಾಡುವಷ್ಟು ಅಭ್ಯಾಸವಾಗಬೇಕಂತೆ. ಸಂಖ್ಯೆಯಿಂದ ರೂಪವನ್ನು ಪಡೆಯುವುದು ನಮ್ಮಲ್ಲಿ ನಷ್ಟ, ರೂಪದಿಂದ ಸಂಖ್ಯೆಯನ್ನು ಪಡೆಯುವುದು ಉದ್ದಿಷ್ಟ. ಹಾಗೆಂದು ಪಿಂಗಲನೇ ಕಂಪ್ಯೂಟರನ್ನು ಕಂಡುಹಿಡಿದನೆಂದು ಸಾರುವವರ ಗುಂಪಿಗೆ ನಾವು ಸೇರಿದವರಲ್ಲ. ಲೆಕ್ಕ ಒಂದೇ, ಪ್ರಯೋಜನ ಬೇರೆ.

ಎರಡನೆಯದು ಕಣ್ಣಾರೆ ನೋಡುವುದು. ತಂತಿಯಲ್ಲಿ ಹಾದುಹೋಗುವ ಒಂದೊಂದು ಪೊಟ್ಟಣವನ್ನೂ ಬಿಚ್ಚಿ ತೋರಿಸುವ ವೈರ್‌ಶಾರ್ಕ್ ಎಂಬ ಸಾಧನ ಬಿಟ್ಟಿಯಾಗಿ ದೊರೆಯುತ್ತದೆ. ಸಿಸ್ಕೋ ಕಂಪೆನಿಯ ಪ್ಯಾಕೆಟ್ ಟ್ರೇಸರ್‌ನಲ್ಲಿ ಇಡೀ ಕಚೇರಿಯ ಜಾಲವನ್ನು ಪರದೆಯ ಮೇಲೆಯೇ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಬಹುದು. ವಿದ್ಯಾರ್ಥಿಗಳಿಗೆ ಅದಕ್ಕೂ ಬೆಲೆಯಿಲ್ಲ. ಐ.ಐ.ಟಿ.ಗಳ ಅಧ್ಯಾಪಕರ ಉಪನ್ಯಾಸಗಳನ್ನು ಎನ್.ಪಿ.ಟಿ.ಇ.ಎಲ್.ನಲ್ಲಿ ಯಾರು ಬೇಕಾದರೂ ಕೇಳಬಹುದು. ಜಾಲದ ನಿಯಮಗಳೇ ಆರ್.ಎಫ್.ಸಿ. ಎಂಬ ಹೆಸರಿನಲ್ಲಿ 1969ರಿಂದ ಪ್ರಕಟವಾಗುತ್ತ ಬಂದಿವೆ. ವಿಳಾಸದ ಮೂಲಸೂತ್ರವಾದ 791ನೆಯದು 1981ರದು, ಐವತ್ತು ಪುಟಕ್ಕೆ ಒಳಗಿನದು. ಭಾಷ್ಯಗಳನ್ನು ಮಾತ್ರ ಓದಿ ಸೂತ್ರವನ್ನು ಬಿಡುವವರು ಆ ಶಾಸ್ತ್ರದಲ್ಲಿಯೂ ಬಹಳವಂತೆ! ಸಿ.ಸಿ.ಎನ್.ಎ. ಮೊದಲಾದ ಪರೀಕ್ಷೆಗಳನ್ನು ನಮ್ಮ ಶಿಷ್ಯ ಹಳಿಯಲಿಲ್ಲ. ಕೈಕೆಲಸ ಸ್ವಲ್ಪ ಕುದುರಿದ ಮೇಲೆ ಕಟ್ಟಿದರೆ ಪ್ರಯೋಜನವುಂಟೆಂದನು. ಪದವಿಯ ಮಾತು ಬೇರೆ, ಅದು ಬೇಕು. ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಪ್ರವೇಶವಿದೆ.

ಇಷ್ಟನ್ನೂ ನಾವು ಆ ತಾಯಿಗೂ ಹುಡುಗನಿಗೂ ತಿಳಿಸಿದೆವು. ಹುಡುಗ ಡಿಪ್ಲೊಮಾ ತೇರ್ಗಡೆಯಾದವನು, ಬುದ್ಧಿವಂತ. ನಾವು ಅವನ ಅನ್ನಕ್ಕೆ ಅಡ್ಡಬಂದೆವೆಂದು ಬಗೆದು ಹದಿನೈದು ದಿನ ನಮಗೆ ನಮಸ್ಕಾರವನ್ನೇ ಹೇಳಲಿಲ್ಲ. ಮುಂಗಡದ ಹಣವನ್ನು ಕೇಳಲು ಅವನ ತಂದೆಯವರೊಡನೆ ನಾವೂ ಹೋಗಿದ್ದೆವು, ಕೊಡಲಿಲ್ಲ. ಬಳೆಗಳು ಮಾತ್ರ ಆಕೆಯ ಕೈಯಲ್ಲಿ ಉಳಿದವು. ಕಡೆಗೆ ಹುಡುಗ ನಮ್ಮ ಊರಿನಲ್ಲಿಯೇ ಮನೆಮನೆಗೆ ಇಂಟರ್ನೆಟ್ ಕೊಡುವವರ ಬಳಿ ಅಲ್ಪ ಸಂಬಳಕ್ಕೆ ಸೇರಿದನು. “ಡಿಪ್ಲೊಮಾ ಓದಿ ಕಂಬ ಹತ್ತುತ್ತಾನೆ” ಎಂದು ಬೀದಿಯವರು ಆಡಿಕೊಂಡದ್ದು ಆ ತಾಯಿಯ ಕಿವಿಗೂ ಬಿದ್ದಿತು. ನಮ್ಮ ಸಲಹೆ ಸರಿಯೇ ಎಂದು ನಮಗೂ ಒಂದೆರಡು ರಾತ್ರಿ ನಿದ್ರೆ ಬರಲಿಲ್ಲ.

ಶ್ರಾವಣದ ಒಂದು ಸಂಜೆ ಹುಡುಗ ತಾನಾಗಿ ನಮ್ಮ ಮನೆಗೆ ಬಂದನು. ಆ ದಿನ ಒಂದು ಕಚೇರಿಯ ಜಾಲವೆಲ್ಲ ಒಮ್ಮೆಗೇ ನಿಂತುಹೋಗಿತ್ತಂತೆ. ಮೂರು ಗಂಟೆ ಹುಡುಕಿದ ಮೇಲೆ ಸಿಕ್ಕಿದ ಕಾರಣವೇನೆಂದರೆ, ನೆಲ ಗುಡಿಸಲು ಬಂದವರಾರೋ ಕೆಳಗೆ ಜೋತಾಡುತ್ತಿದ್ದ ತಂತಿಯ ತುದಿಯನ್ನು ಅಂದವಾಗಿ ಕಾಣಲೆಂದು ಅದೇ ಸ್ವಿಚ್ಚಿನ ಮತ್ತೊಂದು ರಂಧ್ರಕ್ಕೆ ಸಿಕ್ಕಿಸಿದ್ದರು. ಎರಡು ತುದಿಯೂ ಒಂದೇ ಪೆಟ್ಟಿಗೆಯಲ್ಲಿ. ಎಲ್ಲರಿಗೂ ಎಂದು ಕೂಗಿದ ಸಂದೇಶವೊಂದು ಸುತ್ತಿ ಸುತ್ತಿ ಬಂದು ಮಿಕ್ಕ ಯಾವ ಮಾತಿಗೂ ಎಡೆಯಿಲ್ಲದಂತೆ ಮಾಡಿತ್ತು. ಇಂಥ ಸುತ್ತುಗಳನ್ನು ತಾನೇ ಗುರುತಿಸಿ ಒಂದು ಕೊಂಡಿಯನ್ನು ಮುಚ್ಚಿಡುವ ಉಪಾಯವನ್ನು ರಾಡಿಯಾ ಪರ್ಲ್‌ಮನ್ ಎಂಬ ಮಹಿಳೆ 1985ರಲ್ಲಿಯೇ ರಚಿಸಿದ್ದಾರೆಂದೂ, ಆ ಕಚೇರಿಯ ಅಗ್ಗದ ಪೆಟ್ಟಿಗೆಯಲ್ಲಿ ಅದು ಇರಲಿಲ್ಲವೆಂದೂ ಅವನೇ ನಮಗೆ ಹೇಳಿದನು. ನಮ್ಮ ಹಳೆಯ ಕರಿಹಲಗೆಯ ಮೇಲೆ ನಾಲ್ಕು ಪೆಟ್ಟಿಗೆಗಳನ್ನು ಬರೆದು, ಯಾವ ಗೆರೆಯನ್ನು ಮುಚ್ಚಿದರೆ ಸುತ್ತು ಹೋಗುತ್ತದೆ, ಅದು ಮತ್ತೆ ಯಾವಾಗ ತೆರೆಯುತ್ತದೆ ಎಂದು ತೋರಿಸಿದನು. ಎರಡು ಸಲ ನಮಗೆ ತಪ್ಪಿತು. ಮೂರನೆಯ ಸಲ ತಿಳಿಯಿತು.